ನಾಲ್ಕು ಬೆಡ್‌ಶೀಟು, ಒಂದು ಮೊಣಕೈ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರಾದವಳು ನಾನು. ಜೆ.ಪಿ. ನಗರದ ಮನೆಯಲ್ಲಿ ಸುಮ್ಮನೆ ಕೂರುವ ಕಾಲ ಬಂದರೂ ಪಾಠದ ಚಟ ಬಿಡಲಿಲ್ಲ. ಸೊಪ್ಪು ಮಾರುವವನಿಗೇ ಸೊಪ್ಪಿನಲ್ಲಿರುವ ಕಬ್ಬಿಣದ ಬಗ್ಗೆ ಹೇಳಿ ಅವನ ಬೆಳಗಿನ ವ್ಯಾಪಾರ ಕೆಡಿಸಿದವಳು.

ಮನೆಕೆಲಸಕ್ಕೆ ಪುಟ್ಟೇನಹಳ್ಳಿಯಿಂದ ಬರುವಾಕೆ ಒಂದು ದಿನ ಬಟ್ಟೆ ಒಗೆಯುವುದನ್ನು ನಿಲ್ಲಿಸಿ, ಬಲ ಮೊಣಕೈ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದಳು.

"ಮೇಡಂ, ಇಲ್ಲಿ ಮುಟ್ಟಿದ್ರೆ ಜೀವ ಹೋಗತ್ತೆ. ಲೋಟ ಎತ್ತಕ್ಕೂ ಆಗ್ತಿಲ್ಲ."

ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಖುಷಿ. ಎಷ್ಟೋ ದಿನಕ್ಕೆ ಒಬ್ಬ ವಿದ್ಯಾರ್ಥಿನಿ ಸಿಕ್ಕಿದ್ದಳು! ಅವಳ ಒದ್ದೆ ಕೈ ಎಳೆದು, ಅಂಗೈ ಮೇಲೆ ಮಾಡಿಸಿ, ಮೊಣಕೈಯಲ್ಲಿ ಮೈಯ ಕಡೆಗಿರುವ ಮೂಳೆಯ ಉಬ್ಬನ್ನು ಹೆಬ್ಬೆರಳಿನಿಂದ ಒತ್ತಿದೆ. "ಅಯ್ಯಮ್ಮಾ" ಎಂದು ಕೂಗಿದಳು. "ಹಾಂ, ಅಲ್ಲೇ!" ಎಂದೆ.

ಹಳೆ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಚಿತ್ರ ಬರೆದೆ. ತೋಳಿನ ಮೂಳೆ ಕೆಳಗೆ ಬರುತ್ತಾ ಅಗಲವಾಗಿ, ಒಳಬದಿಯಲ್ಲಿ ಹೀಗೆ ಉಬ್ಬುತ್ತದೆ. ಮಣಿಕಟ್ಟನ್ನು ಒಳಕ್ಕೆ ಬಗ್ಗಿಸುವ, ಮುಷ್ಟಿ ಬಿಗಿಯುವ ಸ್ನಾಯುಗಳೆಲ್ಲ ಹೆಚ್ಚಾಗಿ ಈ ಉಬ್ಬಿನಿಂದಲೇ ಹೊರಡುತ್ತವೆ. ಉಬ್ಬಿನ ಹಿಂದೆ ಒಂದು ಸಣ್ಣ ಓಣಿ, ಅದರಲ್ಲಿ ಕಿರುಬೆರಳಿಗೆ ಹೋಗುವ ನರ. ಮೊಣಕೈ ಬಾಗಿಲಿಗೆ ಬಡಿದಾಗ ಕರೆಂಟ್ ಹೊಡೆದಂತಾಗುವುದು ಆ ನರ ತಾಗಿದಾಗ. ಅವಳು ಕಣ್ಣರಳಿಸಿ ಕೇಳಿದಳು.

"ಬಟ್ಟೆ ಹಿಂಡ್ತೀಯಲ್ಲಾ, ಆಗ ಈ ಸ್ನಾಯುಗಳು ಬುಡ ಹಿಡ್ಕೊಂಡು ಜಗ್ಗತ್ವೆ. ಅದಕ್ಕೇ ನೋವು. ಕೆಲವು ವಾರ ಹಿಂಡೋ ಕೆಲಸವೇ ಮಾಡಬಾರದು ಕಣಮ್ಮ."

ಅವಳು ಹಿತ್ತಲಲ್ಲಿದ್ದ ಬಕೆಟ್ ಕಡೆ ನೋಡಿದಳು. ಊರಿಂದ ಬಂದಿದ್ದ ನೆಂಟರು ಹಿಂದಿನ ದಿನ ಹೊರಟಿದ್ದರು. ಅವರು ಬಳಸಿದ ನಾಲ್ಕು ಡಬಲ್ ಬೆಡ್‌ಶೀಟು ಅದರಲ್ಲಿ ನೆನೆದಿದ್ದವು.

"ಹಂಗಾದ್ರೆ ಇವನ್ನ ಮೆಷಿನ್‌ಗೆ ಹಾಕ್ಲಾ ಮೇಡಂ?"

"ಬೇಡ ಬೇಡ, ಮೆಷಿನ್‌ನಲ್ಲಿ ಕೊಳೆ ಹೋಗಲ್ಲ. ಎಡಗೈಗೆ ಜಾಸ್ತಿ ಬಲ ಕೊಟ್ಟು ಹಿಂಡು."

ಯೋಚಿಸಿ ಹೇಳಿದ ಮಾತಲ್ಲ, ತಾನಾಗಿ ಬಂತು. ಅದೇ ನಾಚಿಕೆಗೇಡು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಅವಳು ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಹೋದಳು. ನಾನು ಕಾಫಿ ಕುಡಿಯುತ್ತಾ, ಹಿಂಡಿದ ನೀರು ಕಲ್ಲಿನ ಮೇಲೆ ಬೀಳುವ ಸದ್ದು ಕೇಳಿಸಿಕೊಂಡೆ. ಒಂದೊಂದು ಸಲಕ್ಕೂ ಯಾವ ಸ್ನಾಯು ಎಲ್ಲಿ ಜಗ್ಗುತ್ತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವರಿಗಾದರೂ ಕ್ಷಮೆ ಇದೆ. ನಾನು ಎದ್ದು ಹೋಗಲಿಲ್ಲ.

ಹದಿನೈದು ದಿನವಾಗಿರಬಹುದು, ಸಂಜೆ ಮನೆಮಂದಿಗೆ ಚಪಾತಿ ಮಾಡಲು ಹಿಟ್ಟು ತೆಗೆಯಹೋಗಿ ನನ್ನ ಮೊಣಕೈ ಸ್ಲ್ಯಾಬಿನ ಅಂಚಿಗೆ ಬಡಿಯಿತು. ಕಿರುಬೆರಳಿನವರೆಗೆ ಜುಮ್ಮೆಂದಿತು. ಕೈ ಉಜ್ಜಿಕೊಳ್ಳುತ್ತಾ ಸ್ಟೂಲಿನ ಮೇಲೆ ಕೂತೆ. ಅವಳು ಪೊರಕೆ ಬಿಟ್ಟು ಓಡಿಬಂದಳು.

"ಅಲ್ಲಿ ಒತ್ತಬೇಡಿ ಮೇಡಂ, ನರ ಅಲ್ಲೇ ಅಲ್ವಾ ಇರೋದು? ನೀವೇ ಹೇಳಿದ್ರಲ್ಲ. ಕೈಗೆ ರೆಸ್ಟ್ ಕೊಡಿ, ಹಿಟ್ಟು ನಾನು ಕಲಸ್ತೀನಿ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಸಿಟ್ಟು ಮಾಡಿಕೊಂಡು ಬಚಾವಾಗುತ್ತಿದ್ದೆ. ಅವಳ ಬಲ ಮೊಣಕೈಗೆ ಹಳೆ ಸೀರೆಯ ಪಟ್ಟಿ ಬಿಗಿದಿತ್ತು. ನನ್ನ ಜುಮ್ಮು ಆಗಲೇ ಇಳಿದಿತ್ತು. ಬೇಡ ಕಣಮ್ಮ ಎನ್ನಲು ಬಾಯಿ ತೆರೆದೆ.

"ಎಷ್ಟು ಜನಕ್ಕೆ ಮೇಡಂ?" ಎಂದಳು, ಕೈ ತೊಳೆದುಕೊಳ್ಳುತ್ತಾ.

"ನಾಲ್ಕು ಜನಕ್ಕೆ" ಎಂದೆ.