ಅತ್ತೆಯ ಹೊಲಕ್ಕೆ ಹರಿಗೋಲಿನಲ್ಲಿ

ಗಬ್ಬದ ಮೇಕೆಯನ್ನು ಶೇರ್ ಆಟೊದಲ್ಲಿ ಕೂರಿಸಿಕೊಂಡು ಗುಮ್ಮಘಟ್ಟದ ರಸ್ತೆ ಹಿಡಿದರೆ, ಊರು ಮುಟ್ಟುವಷ್ಟರಲ್ಲಿ ಮೇಕೆ ಒಂದು ಕಡೆ, ಮರಿ ಒಂದು ಕಡೆ, ಆಟೊದ ಗಾಲಿ ಇನ್ನೊಂದು ಕಡೆ ಆಗಿರುತ್ತದೆ ಎಂಬುದು ನಮ್ಮ ಸೋದರತ್ತೆಯ ಲೆಕ್ಕ. ಅದಕ್ಕೇ ಅವಳು ನೀರಿನ ದಾರಿ ಆರಿಸಿದಳು. ಡ್ಯಾಮಿನ ಆಚೆ ದಡದ ಊರಿಗೆ ಕೊಟ್ಟ ಮಗಳು ಹೊಸ ಬಾಣಂತಿ. ಅವಳ ಮನೆಯಲ್ಲೊಂದು ಹಾಲಿನ ಮೇಕೆ ಇರಲಿ ಎಂದು ಅತ್ತೆ ತನ್ನ ಕರಿ ಮೇಕೆಯನ್ನು ಕೊಡಲು ಹೊರಟಿದ್ದಳು. ಹಿಂದಿನ ಸಲ ಆ ಮೇಕೆ ಲಾರಿ ಹಾರನ್ನಿಗೆ ಬೆದರಿ ದಿನ ತುಂಬುವ ಮೊದಲೇ ಮರಿ ಕಳೆದುಕೊಂಡಿತ್ತು. ಈ ಸಲ ಅದು ಬೆದರಬಾರದು, ಅಷ್ಟೇ. ಅತ್ತೆ ಮೂರು ತಿಂಗಳಿಂದ ಮನೆಯಲ್ಲಿ ಪಾತ್ರೆಯನ್ನೂ ಸಪ್ಪಳವಾಗದಂತೆ ಇಡುತ್ತಿದ್ದಳು.

ನನ್ನನ್ನು ಕರೆಸಿದ್ದು ಮೇಕೆಯ ಕೊರಳು ಹಿಡಿಯಲು. ಬೇರೆ ಯಾವ ಕೆಲಸಕ್ಕೂ ನನ್ನನ್ನು ಯಾರೂ ಕರೆಯುವುದಿಲ್ಲ. ನಾನು ಮಡಕಶಿರಾ ಕಡೆಯವನು, ರೊಳ್ಳದ ಹತ್ತಿರದ ಊರು. ಇನ್ನೊಬ್ಬರ ದನಿಯಲ್ಲಿ ಮಾತಾಡುವುದು ನನ್ನ ಕಸುಬು. ಮದುವೆ ಮನೆಯಲ್ಲಿ ಮೈಕು ಸಿಕ್ಕರೆ ಬೀಗರ ಜಗಳವನ್ನು ಎರಡೂ ಕಡೆಯಿಂದ ನಾನೊಬ್ಬನೇ ಆಡಿ ಮುಗಿಸುತ್ತೇನೆ. ನನ್ನ ಸ್ವಂತ ದನಿ ಎಲ್ಲಿಟ್ಟೆನೋ ನನಗೇ ನೆನಪಿಲ್ಲ.

ಅತ್ತೆಯೂ ನಮ್ಮೂರಿನ ಮಗಳೇ. ಆದರೆ ರಾಯದುರ್ಗದ ಕಡೆ ಮದುವೆಯಾಗಿ ಬಂದ ಮೇಲೆ ಅವಳ ನಾಲಿಗೆ ಪೂರಾ ಇಲ್ಲಿಯದಾಗಿತ್ತು. ಮೇಕೆಗೂ ಮರ್ಯಾದೆ ಕೊಟ್ಟೇ ಗದರುತ್ತಾಳೆ: "ಸುಮ್ಮನ ನಿಂದರ್ರಿ, ನಮ್ಮವ್ವ. ಯಾಕ ಒದ್ದಾಡ್ತೀರಿ?" ನಾನು ಅವಳನ್ನು ಅಣಕಿಸುವಾಗ ಮೊದಲು ಹಿಡಿಯುವುದೇ ಈ ಮಾತು.

ಹರಿಗೋಲಿನವನು ಡ್ಯಾಮ್ ತುಂಬಿದ ಮೇಲೆ ಮೀನು ಹಿಡಿಯಲು ಹೊಳೆ ಸೀಮೆಯಿಂದ ಬಂದವನು. ಪ್ರತಿ ಮಾತಿಗೂ ಮೊದಲು ಒಂದು ಕೆಮ್ಮು. ನೀರಿನ ನಡುವೆ ತಲುಪುವಷ್ಟರಲ್ಲಿ ಆ ಕೆಮ್ಮು ನನಗೂ ಬಂದಿತ್ತು.

"ಅಕ್ಕಾ, ನಿಮ್ಮ ಸೋದರಳಿಯನಿಗೆ ಹೇಳ್ರಿ. ನನ್ನ ಕೆಮ್ಮಾದರೂ ನನಗ ಬಿಡಲಿ" ಎಂದ.

"ಅವನಿಗೆ ಏನು ಹೇಳಿದರೂ ನನ್ನಂಗ ತಿರುಗಿ ಹೇಳ್ತಾನಪ್ಪ" ಎಂದಳು ಅತ್ತೆ.

ನೀರಿನ ಮೇಲೆ ಗಾಳಿ ನಿಂತಿತ್ತು. ದೂರದ ಗುಡ್ಡದ ಮೇಲೆ ಕರೆಂಟು ತಯಾರಿಸುವ ಗಾಳಿ ಫ್ಯಾನುಗಳ ಸಾಲು. ನಾನು ಸುಮ್ಮನೆ ಅವನ್ನೇ ನೋಡುತ್ತಿದ್ದೆ. ಬೆಳಗ್ಗೆ ನಮಗೆ ಬೆನ್ನು ಮಾಡಿದ್ದ ಫ್ಯಾನುಗಳು ಒಂದೊಂದಾಗಿ ಮೆಲ್ಲಗೆ ಈ ಕಡೆ ಮುಖ ತಿರುಗಿಸುತ್ತಿದ್ದವು, ಮದುವೆಗೆ ತಡವಾಗಿ ಬಂದವರನ್ನು ನೋಡುವ ನೆಂಟರ ಹಾಗೆ.

"ಇವೆಲ್ಲ ಯಾಕೆ ನಮ್ಮನ್ನು ನೋಡ್ತಾವೆ?" ಎಂದು ಕೇಳಿದೆ.

ಹರಿಗೋಲಿನವನು ಫ್ಯಾನುಗಳನ್ನು ನೋಡಿದ, ಆಮೇಲೆ ನಮ್ಮ ಹಿಂದೆ ನೋಡಿದ. "ಗಾಳಿ ಬರೋ ಕಡಿಗೆ ಮುಖ ಮಾಡ್ತಾವ" ಎಂದ, ಕೆಮ್ಮದೆ. ನಾನೂ ತಿರುಗಿದೆ. ರಾಗಿ ಮುದ್ದೆಯ ಬಣ್ಣದ ಮೋಡ ಆಕಾಶದ ಅರ್ಧ ನುಂಗಿತ್ತು. ಅದರ ಕೆಳಗೆ ಧೂಳು ಎದ್ದಿತ್ತು. ಅವನು ಹುಟ್ಟನ್ನು ಹತ್ತಿರದ ದಡದ ಕಡೆ ತಿರುಗಿಸಿದ.

"ಆ ಕಡಿಗೆ ಬ್ಯಾಡ" ಎಂದಳು ಅತ್ತೆ. "ಅಲ್ಲಿ ನೀರಿನ ಕೆಳಗ ಪೂರಾ ಜಾಲಿ ಐತಿ."

ಬಿದಿರಿನ ಬುಟ್ಟಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿದರೆ ಹರಿಗೋಲು. ಅಲೆ ಎತ್ತಿ ಅದನ್ನು ಜಾಲಿ ಮುಳ್ಳಿನ ಮೇಲೆ ಕುಕ್ಕಿದರೆ ಮುಗಿಯಿತು. ಆದರೂ ಅವನಿಗೆ ಸಿಟ್ಟು ಬಂತು.

"ಯಮ್ಮಾ, ನೀರಾಗ ದಾರಿ ನನಗ ಗೊತ್ತೋ, ನಿನಗ ಗೊತ್ತೋ?"

"ನೀರು ನಿಂದಪ್ಪ. ನೆಲ ನಂದು."

ಅದು ನಿಜವೇ. ಡ್ಯಾಮಿಗೆ ನೀರೇ ಬಾರದ ವರ್ಷಗಳಲ್ಲಿ ಅದರ ತಳದಲ್ಲೆಲ್ಲ ಜಾಲಿ ಬೆಳೆದಿತ್ತು. ಅತ್ತೆ ಮತ್ತು ಮಾವ ಒಂದು ತುಂಡು ನೆಲದಲ್ಲಿ ಜಾಲಿಯನ್ನು ಬೇರುಸಹಿತ ಕಿತ್ತು, ಕಲ್ಲಿನ ಬದು ಹಾಕಿ, ಶೇಂಗಾ ಬಿತ್ತಿದ್ದರು. ಆಮೇಲೆ ನೀರು ಬಂತು. ಊರೆಲ್ಲ ಗಂಗಮ್ಮನಿಗೆ ತೆಂಗಿನಕಾಯಿ ಒಡೆಯಲು ಓಡಿದರೆ ಅತ್ತೆ ಮನೆಯಲ್ಲಿ ಕೂತು ಅವರೆಕಾಯಿ ಸುಲಿದಳಂತೆ. ಹೊಲ ಮುಳುಗಿದ್ದನ್ನು ನೋಡಲು ಅವತ್ತಿನವರೆಗೂ ಹೋಗಿರಲಿಲ್ಲ.

"ನಮ್ಮ ಹೊಲದಾಗ ಒಂದು ಮುಳ್ಳಿಲ್ಲ. ಬೇವಿನ ಮರದ ತುದಿ ಹುಡುಕು" ಎಂದಳು.

ನೀರಿನ ಮೇಲೆ ಎರಡು ಬೇವಿನ ತುದಿಗಳು ಕಂಡವು. ಅತ್ತೆ ದೊಡ್ಡದನ್ನು ತೋರಿಸಿದಳು. ಅಷ್ಟರಲ್ಲಿ ಗಾಳಿ ಬಂದು ಬಡಿಯಿತು. ಹರಿಗೋಲು ಗಿರ್ರನೆ ಸುತ್ತಿತು. ನಾನು, ಮೇಕೆ ಇಬ್ಬರೂ ಒಂದೇ ದನಿಯಲ್ಲಿ ಕೂಗಿದೆವು, ಅಣಕವೇನೂ ಇರಲಿಲ್ಲ. ಮರದ ಹತ್ತಿರ ಹೋಗಿ ಹರಿಗೋಲಿನವನು ಗಳ ಇಳಿಸಿದ. ಗಳ ಪೂರಾ ಒಳಗೆ ಹೋಯಿತು, ತಳ ಸಿಗಲಿಲ್ಲ.

"ಅಯ್ಯಯ್ಯೋ, ಇದು ಪಕ್ಕದೋರ ಬಾವಿ ಕಣ್ಲಾ!" ಅತ್ತೆ ಎದೆ ಬಡಿದುಕೊಂಡಳು. "ನಮ್ದು ಆ ಸಣ್ ಮರ! ಎಡಕ್ಕಾಕು, ಎಡಕ್ಕಾಕ್ಲಾ!"

ನನಗೆ ಬಿರುಗಾಳಿ ಮರೆತೇಹೋಯಿತು. ಇಷ್ಟು ವರ್ಷ ಎಲ್ಲಿ ಅಡಗಿತ್ತು ಈ ಮಾತು? ಅಪ್ಪಟ ರೊಳ್ಳ! ನಮ್ಮಜ್ಜಿಯೇ ಹರಿಗೋಲಿನಲ್ಲಿ ಎದ್ದು ಕೂತ ಹಾಗಿತ್ತು.

"ಬಾಯ್ ಬಿಟ್ಕಂಡ್ ಏನ್ ನೋಡ್ತೀಯ? ಮೇಕೆ ಹಿಡ್ಕಳ್ಲಾ!"

ಮೇಕೆ ಗಡಗಡ ನಡುಗುತ್ತಿತ್ತು. ಗುಡುಗಿಗೆ ಒಮ್ಮೆ ನಡುಗಿದರೆ ಅತ್ತೆಯ ಕೂಗಿಗೆ ಎರಡು ಸಲ. ಆಗ ನನಗೆ ಹೊಳೆಯಿತು: ಪಾಪ, ಅದಕ್ಕೆ ಈ ಅತ್ತೆಯ ಪರಿಚಯವೇ ಇಲ್ಲ. ಅದು ಹುಟ್ಟಿದಾಗಿನಿಂದ ಕೇಳಿದ್ದು ರಾಯದುರ್ಗದ ಅತ್ತೆಯನ್ನು. ನಾನು ಅದರ ಕಿವಿಗೆ ಬಾಯಿಟ್ಟು ಅತ್ತೆಯ ನಿತ್ಯದ ದನಿ ತೆಗೆದೆ. "ಸುಮ್ಮನ ನಿಂದರ್ರಿ, ನಮ್ಮವ್ವ. ಯಾಕ ಒದ್ದಾಡ್ತೀರಿ? ಹಿಂಡಿ ಇಡ್ತೀನಿ ತಡಿರಿ." ಮೇಕೆಯ ಕಿವಿ ನನ್ನ ಕಡೆ ತಿರುಗಿತು. ಮತ್ತೆ ಹೇಳಿದೆ, ಮತ್ತೂ ಹೇಳಿದೆ. ಅದು ತಲೆಯನ್ನು ನನ್ನ ಕಂಕುಳಲ್ಲಿ ತುರುಕಿ ಮಲಗಿತು. ಮೈಕಿಲ್ಲದೆ ನಾನು ಮಾಡಿದ ಒಂದೇ ಪ್ರದರ್ಶನ ಅದು.

ಸಣ್ಣ ಮರ ದಾಟಿದ್ದೇ ಅಲೆ ತಗ್ಗಿತು. ಮುಳುಗಿದ ಕಲ್ಲಿನ ಬದು ಅಲೆಯನ್ನು ಆಚೆಯೇ ಮುರಿಯುತ್ತಿತ್ತು. ಹರಿಗೋಲಿನವನು ಗಳ ಚುಚ್ಚಿ ನೋಡಿ, "ಮೆತ್ತಗೈತಿ" ಎಂದ. ಹೊಲದ ಮೇಲಿನ ಅರ್ಧ ಇನ್ನೂ ನೀರಿನಿಂದ ಹೊರಗಿತ್ತು. ಸಿಡಿಲಿನ ಭಯಕ್ಕೆ ಮರದಿಂದ ದೂರ ಹೋಗಿ ಹರಿಗೋಲನ್ನು ಕೆಂಪು ಮಣ್ಣಿನ ಮೇಲೆ ಎಳೆದೆವು. ಅದನ್ನು ಬೋರಲು ಹಾಕಿ ಒಂದು ಬದಿಗೆ ಹುಟ್ಟಿನ ಆಸರೆ ಕೊಟ್ಟು, ಎಲ್ಲರೂ ಒಳಗೆ ತೂರಿದೆವು. ಆಮೇಲೆ ಬಿತ್ತು ಮಳೆ. ತಲೆಯ ಮೇಲೆ ಊರಿನ ಹಲಗೆಗಳೆಲ್ಲ ಒಟ್ಟಿಗೆ ಬಾರಿಸಿದಂತೆ.

ಅತ್ತೆ ಮೇಕೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತಳು. ಹರಿಗೋಲಿನವನು ಕೆಮ್ಮನ್ನು ನುಂಗಿಕೊಂಡ. ಮಳೆ ಒಂದು ಸುತ್ತು ಇಳಿದು ಮತ್ತೆ ಏರಿತು, ಅವಳ ಕೈ ಅಲ್ಲೇ ಇತ್ತು.

"ಆಡ್ತೈತಿ" ಎಂದಳು ಕೊನೆಗೆ. ನನ್ನ ಕೈ ಎಳೆದು ಅಲ್ಲಿ ಇಟ್ಟಳು. ಒಳಗಿನಿಂದ ಏನೋ ಪುಟ್ಟದು, ಗಟ್ಟಿಯಾದದ್ದು, ನನ್ನ ಅಂಗೈಯನ್ನು ಒದೆಯಿತು.

ಹರಿಗೋಲಿನವನು ಈಗ ಮನಸಾರೆ ಕೆಮ್ಮಿದ. "ಯಮ್ಮಾ, ಆ ಬಾವಿ ಆಚಿಗೆ ಏನೈತಿ?"

ಅತ್ತೆ ಒದ್ದೆ ಮಣ್ಣಿನಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸತೊಡಗಿದಳು: ಇದು ಕಣ, ಇದು ಬಂಡಿ ದಾರಿ, ಇಲ್ಲಿಂದ ಆಚೆ ಪೂರಾ ಜಾಲಿ. ಅವನು ತಲೆ ಬಗ್ಗಿಸಿ ಒಂದೊಂದನ್ನೂ ಕೇಳುತ್ತಿದ್ದ. ನಡುವೆ ಅವಳು ನನ್ನ ಕಡೆ ತಿರುಗಿದಳು.

"ಅಲ್ಲಾ, ಆವಾಗ ನನ್ನಂಗ ಮೇಕಿಗೆ ಏನೋ ಅಂತಿದ್ದೆಲ್ಲ, ಏನದು?"

"ಸುಮ್ಮನ ನಿಂದರ್ರಿ, ನಮ್ಮವ್ವ" ಎಂದು ಮಾಡಿ ತೋರಿಸಿದೆ.

"ಥೂ, ನಾ ಎಲ್ಲಿ ಹಂಗ ಮಾತಾಡ್ತೀನಿ?"

ಮೇಕೆ ತಲೆ ಎತ್ತಿ ನಮ್ಮಿಬ್ಬರ ಮುಖವನ್ನೂ ನೋಡಿತು.