ಆ ಸಂಜೆ ಮಾಡದೆ ಬಿಟ್ಟ ಫೋನು

ನಮ್ಮ ಅಪ್ಪನಿಗೆ ಕೊರೊನಾ ಅಂಟಿಸಿದವಳು ನಾನೇ ಇರಬೇಕು. ಇರಬೇಕು ಅನ್ನುತ್ತೇನೆ — ಖಚಿತವಾಗಿ ಯಾರೂ ಹೇಳಲಾರರು. ಆದರೆ ಆ ಕೆಟ್ಟ ಹೆಸರನ್ನು ನನ್ನ ತಮ್ಮನ ಹೆಂಡತಿ ಸವಿತಾಳ ತಲೆಗೆ ಕಟ್ಟಿದವಳು ನಾನು. ಅದರಲ್ಲಿ ಅನುಮಾನವೇ ಇಲ್ಲ. ಇಷ್ಟು ವರ್ಷ ಅವಳು ಅದನ್ನು ಹೊತ್ತಳು. ನಾನು ನೋಡಿಕೊಂಡು ಸುಮ್ಮನಿದ್ದೆ.

ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ತವರು ಹಳ್ಳಿಮೈಸೂರಿನ ಹತ್ತಿರ. ಅಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅಪ್ಪ, ತಮ್ಮ ಮಂಜು, ಸವಿತಾ, ಮತ್ತೆ ಅವಳ ಮಡಿಲಿನ ಕೂಸು. ಅಪ್ಪನ ಕಿಡ್ನಿ ಕೆಟ್ಟಿತ್ತು. ಮಂಜು ಅವರನ್ನು ವಾರಕ್ಕೆರಡು ಸಲ ಹಾಸನಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದ. ಮನೆಗೆ ಬಂದ ಮೇಲೆ ಅವರಿಗೆ ಉಪ್ಪಿಲ್ಲದ ಸಾರು ಮಾಡಿ, ಕುಡಿಯುವ ನೀರನ್ನೂ ಅಳತೆ ನೋಡಿ ಕೊಟ್ಟು, ಕಾಲು ಒತ್ತುತ್ತಿದ್ದವಳು ಸವಿತಾ.

ಲಸಿಕೆ ಬಂದಾಗ ನಮ್ಮ ನೆಂಟರಿಷ್ಟರಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ನಾನು. ಅಪ್ಪ ಹೆದರಿದ್ದರು. “ನಂಗ್ಯಾಕವ್ವ ಅದು, ಇರೋ ಸೂಜಿನೇ ಸಾಕಾಗ್ಯದೆ” ಅಂದಿದ್ದರು. ನಾನು ಅವರ ಪಕ್ಕ ಕೂತು, “ಎರಡು ಡೋಸ್ ಆದ್ರೆ ಅದು ನಿಮ್ಮ ಹತ್ರಕ್ಕೂ ಸುಳಿಯಲ್ಲ ಅಪ್ಪ” ಅಂದೆ. ಲಸಿಕೆ ಹಾಕಿಸಿಕೊಂಡವರಿಗೂ ಸೋಂಕು ಬರಬಹುದು, ಅವರಿಂದ ಇನ್ನೊಬ್ಬರಿಗೂ ಹೋಗಬಹುದು — ಇದು ನನಗೆ ತಿಳಿಯದ ವಿಷಯವಲ್ಲ. ಹೆಚ್ಚಿನವರಲ್ಲಿ ಕಾಯಿಲೆ ಜೋರಾಗದಂತೆ ಅದು ಕಾಯುತ್ತದೆ, ಅಷ್ಟೇ. ಅಪ್ಪನಂಥ ಸೋತ ಮೈಯಲ್ಲಿ ಆ ಕಾವಲೂ ಸಡಿಲ. ಆದರೆ ಅಷ್ಟನ್ನೆಲ್ಲ ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. ಖಂಡಿತವಾಗಿ ಮಾತಾಡಿದರೆ ಜನ ಒಪ್ಪುತ್ತಾರೆ ಅನ್ನಿಸಿತ್ತು. ಒಪ್ಪಿದರು ಕೂಡ.

ಒಪ್ಪದೆ ಉಳಿದವಳು ಸವಿತಾ ಒಬ್ಬಳೇ. ಮೊಲೆಹಾಲು ಬತ್ತಿಹೋಗುತ್ತದೆ ಅಂತ ಯಾರೋ ಹೇಳಿದ್ದರು. “ಕೂಸು ಹಾಲು ಬಿಡ್ಲಿ ಅಕ್ಕ, ಆಮೇಲೆ ಹಾಕುಸ್ಕತೀನಿ” ಅಂದಳು. ಅವಳ ಹೆದರಿಕೆಗೆ ಆಧಾರವಿರಲಿಲ್ಲ, ನಿಜ. ಆದರೆ ಅದನ್ನು ಹೋಗಲಾಡಿಸುವ ಬದಲು ನಾನು ಮುಖ ತಿರುಗಿಸಿಕೊಂಡು ಬಂದೆ.

ಮೂರನೇ ಅಲೆ ಶುರುವಾದಾಗ ಸಂಕ್ರಾಂತಿ. ಹಬ್ಬದ ಹಿಂದಿನ ದಿನವೇ ನನಗೆ ಗಂಟಲು ಕೆರೆತ, ಮೈ ಬಿಸಿ. ಹಬ್ಬದ ಬೆಳಿಗ್ಗೆ ಸಿಹಿ ಪೊಂಗಲಿಗೆ ತುಪ್ಪ ಕಾಯಿಸಿದೆ — ವಾಸನೆ ಬರಲಿಲ್ಲ. ಬೀರುವಿನಲ್ಲಿ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಕಿಟ್ ಇತ್ತು. ಅದನ್ನು ತೆಗೆಯಲಿಲ್ಲ. ಮರೆತಿದ್ದಲ್ಲ. ತೆಗೆದರೆ ಏನು ಕಾಣಿಸುತ್ತದೋ ಅಂತಲೇ ತೆಗೆಯಲಿಲ್ಲ. ಜ್ವರದ ಮಾತ್ರೆ ನುಂಗಿ, ಎಳ್ಳುಬೆಲ್ಲ ಕಟ್ಟಿಕೊಂಡು ತವರಿಗೆ ಹೊರಟೆ.

ಮಧ್ಯಾಹ್ನ ಅಪ್ಪನ ಪಕ್ಕದಲ್ಲೇ ಕೂತು ಊಟ ಮಾಡಿದೆ. ಮಾಸ್ಕು ಬ್ಯಾಗಿನಲ್ಲಿತ್ತು.

“ಯಾಕವ್ವ, ಗಂಟ್ಲು ಕಟ್ಕಂಡದಲ್ಲ?” ಅಂದರು ಅಪ್ಪ.

“ಸೀಮೆಸುಣ್ಣದ ಧೂಳಪ್ಪ. ಅಲರ್ಜಿ.”

ಸಂಜೆ ಹೊಳೆನರಸೀಪುರಕ್ಕೆ ವಾಪಸು ಬಂದವಳು ತಡೆಯಲಾರದೆ ಕಿಟ್ ತೆಗೆದೆ. ಎರಡು ಗೆರೆ. ಫೋನು ಕೈಯಲ್ಲೇ ಇತ್ತು. ‘ಮಂಜು, ನನಗೆ ಬಂದಿದೆ. ಅಪ್ಪನನ್ನು ಬೇರೆ ಮಲಗಿಸು, ನಾಳೆಯೇ ಡಾಕ್ಟರಿಗೆ ತಿಳಿಸು’ — ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹತ್ತಿರಕ್ಕೂ ಸುಳಿಯಲ್ಲ ಅಂದವಳಿಗೇ ಬಂತಂತೆ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಸವಿತಾ ಬಾಯಿಬಿಟ್ಟು ಏನೂ ಅನ್ನದೆ ನನ್ನನ್ನು ಒಮ್ಮೆ ನೋಡುತ್ತಾಳೆ... ಆ ನೋಟವನ್ನು ನೆನೆಸಿಕೊಂಡೇ ಫೋನು ಕೆಳಗಿಟ್ಟೆ. ಸ್ಕೂಲಿಗೆ ಜ್ವರ ಅಂತ ರಜೆ ಹೇಳಿ ಮನೆಯಲ್ಲೇ ಉಳಿದೆ. ನನಗೆ ಅದು ನೆಗಡಿಯಷ್ಟರಲ್ಲೇ ಹೋಯಿತು.

ನಾಲ್ಕೈದು ದಿನದಲ್ಲಿ ಅಪ್ಪನಿಗೆ ಜ್ವರ, ಹಿಂದೆಯೇ ಉಬ್ಬಸ. ಹಾಸನದ ಆಸ್ಪತ್ರೆಗೆ ಸೇರಿಸಿದರು. ಸವಿತಾಳಿಗೂ ಬಂದಿತ್ತು, ಕೂಸನ್ನು ಕಟ್ಟಿಕೊಂಡು ಒಂದೇ ಕೋಣೆಯಲ್ಲಿ ಉಳಿದಳು. ಆಸ್ಪತ್ರೆಯಿಂದ ಅಪ್ಪ ನನಗೆ ಒಂದು ಸಲ ಫೋನು ಮಾಡಿದರು. ಮಾತಿಗಿಂತ ಉಸಿರೇ ಜಾಸ್ತಿ ಕೇಳುತ್ತಿತ್ತು.

“ನಿನ್ ನೆಗ್ಡಿ ವಾಸಿ ಆಯ್ತಾ ಮಗ?”

ಆಯ್ತಪ್ಪ ಅಂದೆ. ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಹನ್ನೊಂದನೆಯ ದಿನದ ತಿಥಿಗೆ ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದೆಲ್ಲ ನೆಂಟರು ಬಂದಿದ್ದರು. ಊಟವಾಗಿ ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಮಲ್ಲಿಪಟ್ಟಣದ ಚಿಕ್ಕಮ್ಮ ಕೇಳಿದರು, “ಎರಡು ಡೋಸೂ ಹಾಕ್ಸಿದ್ರಲ್ಲ ಭಾವಂಗೆ. ಮತ್ತೆಲ್ಲಿಂದ ಬಂತು ಈ ಮಾರಿ?”

ಎಲ್ಲರೂ ನನ್ನ ಕಡೆ ನೋಡಿದರು. ಓದಿದವಳು ನಾನಲ್ಲವೆ. ಸವಿತಾ ಬಾಗಿಲ ಹತ್ತಿರ ನಿಂತಿದ್ದಳು. ಇನ್ನೂ ಕೆಮ್ಮುತ್ತಿದ್ದಳು.

“ಈ ಮನೇಲಿ ಲಸಿಕೆ ಹಾಕುಸ್ಕೊಳ್ದೆ ಇದ್ದೋಳು ಒಬ್ಳೇ” ಅಂದೆ. “ದಿನಾ ಡೈರಿಗೆ ಹಾಲು ಹಾಕೋಕೆ ಹೋಗಿ ಜನರ ಮಧ್ಯೆ ನಿಲ್ತಿದ್ಲು.”

ಅಷ್ಟೇ ಅಂದದ್ದು. ಅಷ್ಟು ಸಾಕಾಯಿತು.

ತನ್ನಿಂದಲೇ ಆಯಿತು ಅಂತ ಸವಿತಾಳೂ ನಂಬಿಬಿಟ್ಟಳು. ಆಮೇಲೆ ಲಸಿಕೆ ಹಾಕಿಸಿಕೊಂಡಳು, ಅದೂ ಯಾರಿಗೂ ಹೇಳದೆ. ಶುಭಕಾರ್ಯಗಳಿಗೆ ಬರುವುದು ಕಡಿಮೆ ಮಾಡಿದಳು. ಬಂದರೂ ಹಿಂದೆ ಪಾತ್ರೆ ತೊಳೆಯುವ ಕಡೆ ಇರುತ್ತಿದ್ದಳು. ಅಪ್ಪನಿಗೆ ಸೋಂಕು ಡಯಾಲಿಸಿಸ್ ಆಸ್ಪತ್ರೆಯಲ್ಲೂ ತಗುಲಿರಬಹುದು, ದಾರಿಯಲ್ಲೂ ತಗುಲಿರಬಹುದು ಅಂತ ನಾನು ಒಳಗೊಳಗೇ ಎಷ್ಟೋ ಸಲ ವಾದ ಹೂಡಿದ್ದೇನೆ. ಆ ‘ಇರಬಹುದು’ಗಳನ್ನೆಲ್ಲ ನನಗೆ ಮಾತ್ರ ಇಟ್ಟುಕೊಂಡೆ. ಅವಳಿಗೆ ಒಂದನ್ನೂ ಕೊಡಲಿಲ್ಲ.

ಹೋದ ತಿಂಗಳು ಚಿಕ್ಕಮ್ಮನ ಮನೆಯ ಮದುವೆಯಲ್ಲಿ ಸವಿತಾ ಅನ್ನದ ಬಕೆಟ್ ಎತ್ತಿಕೊಂಡಳು. “ನೀನು ಬಡುಸ್ಬ್ಯಾಡ ಬುಡವ್ವ” ಅಂತ ಚಿಕ್ಕಮ್ಮ ಅದನ್ನು ಇಸಿದುಕೊಂಡರು. ಅಂದಿನ ಆ ಕೂಸು ಈಗ ಸ್ಕೂಲಿಗೆ ಹೋಗುವ ಹುಡುಗಿ. ನನ್ನ ಪಕ್ಕ ಕೂತಿದ್ದವಳು ತಲೆಯೆತ್ತಿ ಕೇಳಿದಳು: “ಅತ್ತೆ, ಅಮ್ಮನಿಂದನೇ ತಾತ ಸತ್ತೋದ್ರಂತೆ, ಔದಾ?”

ಎಲೆ ಬಿಟ್ಟು ಎದ್ದುಬಿಟ್ಟೆ.

ಮಾರನೆಯ ದಿನ ತವರಿಗೆ ಹೋದೆ. ಸವಿತಾ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಪಕ್ಕದಲ್ಲಿ ನಿಂತು ಹೇಳಿದೆ — ವಾಸನೆ ಬಾರದ ತುಪ್ಪ, ಎರಡು ಗೆರೆ, ಮಾಡದೆ ಬಿಟ್ಟ ಫೋನು, ಎಲ್ಲ. ಅವಳು ಕರೆಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಎದ್ದು ಹಾಲನ್ನು ಕ್ಯಾನಿಗೆ ಸುರಿದಳು.

“ನಂಗೊಬ್ಳಿಗೇ ಹೇಳುದ್ರೆ ಏನ್ ಬಂತಕ್ಕ?” ಅಂದಳು. “ಅವತ್ತು ಎಲ್ರ ಮುಂದೆ ಅಂದ್ರಿ.”

ಕ್ಯಾನು ಹಿಡಿದು ಡೈರಿಯ ಕಡೆ ಹೋದಳು. ಮಂಜುವಿಗೂ ಅವತ್ತೇ ಹೇಳಿದೆ. ಅವನು ಅಲ್ಲಿಂದ ಈಚೆಗೆ ನನ್ನ ಜೊತೆ ಮಾತಾಡಿಲ್ಲ.

ನೆಂಟರಲ್ಲಿ ಮೊದಲು ಮಲ್ಲಿಪಟ್ಟಣಕ್ಕೆ ಹೋದೆ. ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು, “ಓಗ್ಲಿ ಬುಡು ಮಗ, ನೀನೇನ್ ಬೇಕಂತ ಮಾಡ್ದ್ಯಾ?” ಅಂದರು. ನನಗೆ ಕ್ಷಮೆ ಎಷ್ಟು ಸಲೀಸಾಗಿ ಸಿಕ್ಕಿತು. “ಬುಡೋ ಹಂಗಿಲ್ಲ ಚಿಕ್ಕಮ್ಮ. ಅವಳ ಕೈಯಿಂದ ನೀವು ಬಕೆಟ್ ಇಸ್ಕೊಂಡ್ರಿ” ಅಂದೆ. ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

ಅರಕಲಗೂಡಿನ ಮನೆಗಳು ಮುಗಿದಿವೆ. ಚನ್ನರಾಯಪಟ್ಟಣದ ಕಡೆಯವು ಉಳಿದಿವೆ. ಈ ಭಾನುವಾರ ಹೊರಟಿದ್ದೇನೆ. ಕ್ಷಮಿಸು ಅಂತ ಸವಿತಾಳನ್ನು ಇನ್ನೂ ಕೇಳಿಲ್ಲ. ಅವತ್ತು ಆ ಜಗಲಿಯಲ್ಲಿ ನನ್ನ ಮಾತು ಕೇಳಿದವರೆಲ್ಲರಿಗೂ ಹೇಳಿ ಮುಗಿಸುವವರೆಗೆ ಕೇಳುವುದೂ ಇಲ್ಲ.