ಕೈಗಳಿಗೆ ಕೆಲಸ ಕಲಿಸಿದ ಚೋಂದಮ್ಮನವರು

ದೆಹಲಿಯ ಆಕ್ಯುಪೇಷನಲ್ ಥೆರಪಿ ಕ್ಷೇತ್ರದಲ್ಲಿ ದುಡಿದ ಕನ್ನಡಿಗರನ್ನು ನೆನೆಯುವಾಗ ಶ್ರೀಮತಿ ಚೋಂದಮ್ಮನವರ ಹೆಸರು ಮೊದಲ ಸಾಲಿನಲ್ಲೇ ಬರಬೇಕು. ಅಪಘಾತಕ್ಕೋ ಪಾರ್ಶ್ವವಾಯುವಿಗೋ ತುತ್ತಾದವರು ಉಣ್ಣುವುದನ್ನು, ಉಡುವುದನ್ನು, ದುಡಿಯುವುದನ್ನು ಮತ್ತೆ ತಾವೇ ಮಾಡಿಕೊಳ್ಳುವಂತೆ ಕಲಿಸುವ ವಿದ್ಯೆಯಿದು. ಹೆಸರು ಕೇಳಿ ನೌಕರಿ ಕೊಡಿಸುವ ಕಚೇರಿಯೆಂದೇ ತಿಳಿದು, ಮಗನ ಬಯೋಡಾಟಾ ಹಿಡಿದು ಬಂದ ಆರ್.ಕೆ.ಪುರಂನ ಹಿರಿಯರೂ ಉಂಟು. ಅಂಥವರನ್ನೂ ಕೂರಿಸಿ, ಕಾಫಿ ಕೊಟ್ಟೇ ಕಳಿಸಿದವರು ಅವರು. ಅವರ ನಿವೃತ್ತಿಯ ಈ ಅಭಿನಂದನ ಗ್ರಂಥಕ್ಕೆ ನಾಲ್ಕು ಸಂತೋಷದ ಮಾತು ಬರೆಯಿರೆಂದು ಸಂಪಾದಕರು ಕೇಳಿದ್ದಾರೆ. ಶಿಷ್ಯೆಯಾದ ಈ ಲೇಖಕಿಗೆ ಆ ನಾಲ್ಕು ಮಾತು ಹೊಂದಿಸುವುದು ಕಷ್ಟವಾಗಿದೆ.

ಸೈನ್ಯದಲ್ಲಿದ್ದ ಪತಿ ಪೊನ್ನಣ್ಣನವರೊಡನೆ ಊರೂರು ಸುತ್ತಿ, ಕೊನೆಗೆ ಮಯೂರ್ ವಿಹಾರದಲ್ಲಿ ನೆಲೆ ನಿಂತ ಚೋಂದಮ್ಮನವರು ಓಖ್ಲಾದ ಧರ್ಮಾರ್ಥ ಪುನಶ್ಚೇತನ ಕೇಂದ್ರವೊಂದನ್ನು ಸೇರಿದರು. ರಬ್ಬರ್ ಚೆಂಡು ಅಮುಕಿಸುವ ಚಿಕಿತ್ಸೆಯಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ರೋಗಿಯು ಯಾವ ಕೆಲಸಕ್ಕೆ ಮರಳಬೇಕೋ ಆ ಕೆಲಸದ ಸಾಮಾನನ್ನೇ ತರಬೇಕು: ಲಟ್ಟಣಿಗೆ, ಮನೆಯ ಬೀಗ, ಮಗುವಿನ ಬೂಟು. ನೆರವಿಗೆಂದು ಮನೆಯವರು ಕೈ ಚಾಚಿದರೆ ಗದರಿಕೆ ಖಂಡಿತ. ಒಂದೇ ಕೈಯಲ್ಲಿ ರವಿಕೆ ತೊಡಬೇಕಾದ ಹೆಂಗಸರಿಗೆ ಹುಕ್ಕುಗಳನ್ನು ಬಿಚ್ಚಿ, ಅಂಟುಪಟ್ಟಿ ಹೊಲಿದು ಕೊಡುವುದಕ್ಕೆ ಅವರ ಭಾನುವಾರಗಳು ಹೋಗುತ್ತಿದ್ದವು. ಪೊನ್ನಣ್ಣನವರು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು.

ಬಳ್ಳಾರಿಯಿಂದ ಬಂದು ಓಖ್ಲಾದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ ಶಂಕರನನ್ನು ಮಗಳು ಲಾವಣ್ಯಾ ಕರೆತಂದದ್ದು ಈ ಕೇಂದ್ರಕ್ಕೇ. ಬಟ್ಟೆ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ಅವನು ಚೋಂದಮ್ಮನವರನ್ನು ಕೇಳಿದ್ದು ಒಂದೇ ಮಾತು: “ಮತ್ತ ಮಾಸ್ಟರ್ ಆಗ್ತೀನೇನ್ರಿ ಅಮ್ಮಾ?”

“ಆಗ್ತೀಯ. ನಿನ್ನ ಕತ್ತರಿ ತಗೊಂಡು ಬಾ,” ಎಂದರು ಅವರು.

ಅಂದಿನಿಂದ ಎಡಗೈಗೆ ಹೊಸ ಅಕ್ಷರಾಭ್ಯಾಸ. ಎಡಗೈಯವರ ಕತ್ತರಿಯನ್ನು ಹುಡುಕಿ ತಂದವರು ಚೋಂದಮ್ಮನವರೇ. ಕಾರ್ಖಾನೆಯ ತುಂಡು ಬಟ್ಟೆ ಬೇಡಿ ತಂದವರೂ ಅವರೇ. ಅಪ್ಪ ಸೀಮೆಸುಣ್ಣ ಬೀಳಿಸಿದಾಗಲೆಲ್ಲ ಲಾವಣ್ಯಾ “ಛೋಡೋನಾ ಪಪ್ಪಾ, ನಾನು ಕೊಡ್ತೀನಿ,” ಎಂದು ಎದ್ದರೆ, “ನೀನು ಕೂತ್ಕೋ ಮಗಳೇ, ಅವನೇ ಎತ್ಕೊಳ್ಳಲಿ,” ಎಂದು ತಡೆಯುವರು. ಒಂದು ದಿನ ಆ ಎಡಗೈ ಪ್ಯಾಂಟಿನ ಕಾಲನ್ನು ಗೆರೆ ತಪ್ಪದೆ ಕತ್ತರಿಸಿತು. ಶಂಕರ ಹಿಗ್ಗಿ ಹೀರೇಕಾಯಿಯಾದ. ಚೋಂದಮ್ಮನವರು ಕೇಂದ್ರಕ್ಕೆಲ್ಲ ಜಿಲೇಬಿ ಹಂಚಿದರು.

ಅವನನ್ನು ಕೆಲಸಕ್ಕೆ ಮರಳಿಸುವ ಮುನ್ನ ಕಾರ್ಖಾನೆಗೆ ತಾವೇ ಹೋಗಿ, ಬೆರಳು ಅಲಗಿಗೆ ತಾಗದಂತೆ ಯಂತ್ರಕ್ಕೆ ತಡೆ ಹಾಕಿಸಿ, ಉಕ್ಕಿನ ಬಲೆಯ ಕೈಗವಸು ತೊಡಿಸಿಯೇ ಬಂದರು. ಆದರೆ ಗವಸು ತೊಟ್ಟ ಕೈ ನಿಧಾನ, ತಡೆಯಿದ್ದರೆ ಯಂತ್ರ ನಿಧಾನ. ಸೀಸನ್ನಿನ ಅವಸರದಲ್ಲಿ ಮೇಲ್ವಿಚಾರಕ ತಡೆಯನ್ನು ಬಿಚ್ಚಿಸಿದ. “ಲೂಲಾ ಮಾಸ್ಟರ್”, ಮೊಂಡುಗೈ ಮಾಸ್ಟರ್, ಎಂಬ ಗೇಲಿ ತಾಳಲಾರದೆ ಶಂಕರ ಗವಸನ್ನು ತಾನೇ ಕಳಚಿಟ್ಟ. ಆ ಎಡಗೈಗೆ ಅಷ್ಟು ಚುರುಕು ಕಲಿಸಿದವರು ಯಾರೆಂದು ಹೇಳಬೇಕಾಗಿಲ್ಲ. ದೀಪಾವಳಿಯ ಮುಂಚೆ ಅದೂ ಯಂತ್ರಕ್ಕೆ ಸಿಕ್ಕಿತು. ಆಮೇಲೆ ತಡೆ ಮತ್ತೆ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ.

ಚೋಂದಮ್ಮನವರು ಅಂದು ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. ಅದೇ ಚಳಿಗಾಲದಲ್ಲಿ ಕಾರ್ಮಿಕರಿಗೆ ಮನೋಸ್ಥೈರ್ಯದ ಕುರಿತು ಉಪನ್ಯಾಸ ಕೊಡಿರೆಂದು ಕಾರ್ಖಾನೆದಾರರ ಸಂಘ ಅವರನ್ನು ಕರೆಯಿತು. ವೇದಿಕೆ ಹತ್ತಿ, “ಈ ಜನಕ್ಕೆ ಸ್ಥೈರ್ಯ ಸಾಕಷ್ಟಿದೆ. ಇಲ್ಲದಿದ್ದರೆ ನಾಳೆ ಬೆಳಗ್ಗೆ ಆ ಯಂತ್ರದ ಮುಂದೆ ಯಾರು ನಿಲ್ಲುತ್ತಿದ್ದರು?” ಎಂದಷ್ಟೇ ಹೇಳಿ ಇಳಿದುಬಂದರು. ಸಂಘದವರು ಹೂಗುಚ್ಛವನ್ನು ಮಾತ್ರ ಕೊಟ್ಟರು, ಮತ್ತೆ ಕರೆಯಲಿಲ್ಲ.

ಅವರು ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರನ್ನೂ ತೆಗೆದುಕೊಂಡಿಲ್ಲ. ಅವರ ಕೋಣೆಯಲ್ಲಿ ಈಗ ಮುರಿದ ಕುರ್ಚಿಗಳನ್ನು ಪೇರಿಸಿದ್ದಾರೆ. ಚೋಂದಮ್ಮನವರು ಮಾತ್ರ ಮೆಟ್ರೋ ಹಿಡಿದು, ಆಟೋ ಹತ್ತಿ ಶಂಕರನ ಬಾಡಿಗೆ ಕೋಣೆಗೆ ಹೋಗುತ್ತಲೇ ಇದ್ದಾರೆ. ಅವನ ಎಡಗೈಯಲ್ಲಿ ಎರಡು ಬೆರಳುಗಳಿವೆ. ಪಳಗಿಸಿದರೆ ಚಮಚ ಹಿಡಿದಾವು, ಅಂಗಿಯ ಗುಂಡಿ ಹಾಕಿಯಾವು. ತಡಮಾಡಿದರೆ ಅವೂ ಮರಗಟ್ಟುತ್ತವೆ. ಮೊದಲ ಸಲ ಹೋದಾಗ ಈ ಲೇಖಕಿಯೂ ಜೊತೆಗಿದ್ದಳು. ಶಂಕರ ಎರಡೂ ಕೈಗಳನ್ನು ಚಾದರದೊಳಗೆ ಇಟ್ಟುಕೊಂಡು ಗೋಡೆಗೆ ಒರಗಿದ್ದ.

“ಕೈ ತೋರ್ಸು ಶಂಕರ,” ಎಂದರು.

“ಬ್ಯಾಡ್ರಿ ಅಮ್ಮಾ,” ಎಂದ ಅವನು, ಮೆಲ್ಲಗೆ, ಮರ್ಯಾದೆಯಿಂದ. “ಈ ಸಲ ಸರಿ ಮಾಡಬ್ಯಾಡ್ರಿ. ಸರಿ ಆದ್ರ ಅವ್ರು ಏನರ ಕೆಲಸ ಐತಿ ಬಾ ಅಂತಾರ. ಕರದ್ರ ನಾ ಹೋಗ್ತೀನಿ. ನನ್ನ ಬುದ್ಧಿ ನನಗ ಗೊತ್ತೈತಿ.”

ಲಾವಣ್ಯಾ ಚಹಾ ತಂದು ಅಪ್ಪನ ಬಾಯಿಗೆ ಹಿಡಿದಳು. ಈ ಸಲ ಚೋಂದಮ್ಮನವರು ಅವಳನ್ನು ತಡೆಯಲಿಲ್ಲ. ಹಿಂತಿರುಗುವಾಗ ಮೆಟ್ರೋದಲ್ಲಿ, “ನಾನು ಕಲಿಸಿದ್ದು ಸುಳ್ಳಾಯ್ತು ಕಣೇ. ಅಲ್ಲ, ಸುಳ್ಳಾಗಿದ್ದರೆ ಆ ಕೈಯಾದರೂ ಉಳೀತಿತ್ತು,” ಎಂದರು.

ಹಿರಿಯರ ಸೇವೆ ಹೀಗೆಯೇ ಮುಂದುವರಿಯಲೆಂದು ಹಾರೈಸುವುದು ಇಂಥ ಗ್ರಂಥಗಳ ವಾಡಿಕೆ. ಅವರೇ ಬೇಡವೆಂದಿದ್ದಾರೆ, “ನನ್ನ ಕೆಲಸ ಬೆಳೀಲಿ ಅಂದ್ರೆ ಇನ್ನೊಬ್ಬನ ಕೈ ಹೋಗ್ಲಿ ಅಂದ ಹಾಗಲ್ವೇನೇ?” ಎಂದು ಗದರಿದ್ದಾರೆ. ಆದ್ದರಿಂದ ಹಾರೈಕೆ ಒಂದೇ. ಮಂಗಳವಾರ ಮಂಗಳವಾರ ಅವರು ಹೋಗಿ ಆ ಚಾದರದ ಎದುರು ಕೂರುತ್ತಾರೆ, ಕೈ ತೋರಿಸೆಂದು ಕೇಳದೆ ಎದ್ದು ಬರುತ್ತಾರೆ. ಅದರೊಳಗಿಂದ ಒಂದು ಕೈ ತಾನಾಗಿ ಹೊರಬರುವಷ್ಟು ಕಾಲವಾದರೂ ದೇವರು ಚೋಂದಮ್ಮನವರಿಗೆ ಆಯುಸ್ಸು ಕೊಡಲಿ.